ಓದುಗರ ಮಾತು ವಿಮರ್ಶೆಯಲ್ಲವೆ?

ನಮ್ಮ ಸಾಹಿತ್ಯ ಗೋಷ್ಠಿಗಳಲ್ಲಿ ಆಗಾಗ ಕೇಳಿಬರುವ ಮಾತೊಂದುಂಟು: "ಅದು ಲಘು ಕಾದಂಬರಿ, ಓದುಗರು ಮೆಚ್ಚಿದ್ದಾರೆ, ಅಷ್ಟೇ." ಈ ಸಣ್ಣ ಮಾತಿನಲ್ಲಿ ಎರಡು ತಿರಸ್ಕಾರಗಳು ಅಡಗಿವೆ. ಒಂದು, ನಗಿಸುವ ಪುಸ್ತಕದ ಮೇಲಿನದು. ಇನ್ನೊಂದು, ನಕ್ಕ ಓದುಗನ ಮೇಲಿನದು.

ಈಚೆಗೆ ಒಂದು ಗೋಷ್ಠಿಯಲ್ಲಿ ಭಾಷಣಕಾರರೊಬ್ಬರು ಇದೇ ಮಾತನ್ನು ಇನ್ನಷ್ಟು ಹಿಗ್ಗಿಸಿ ಆಡಿದರು. ಅಕ್ಕಪಕ್ಕದ ಮನೆಯ ಹುಡುಗ ಹುಡುಗಿ ಮೊದಲು ಜಗಳವಾಡಿ ಕೊನೆಗೆ ಮದುವೆಯಾಗುವ ಕಥೆಗಳಿಂದ ಸಾಹಿತ್ಯಕ್ಕೆ ಆಗಬೇಕಾದ್ದೇನೂ ಇಲ್ಲವಂತೆ. ಅಂಥ ಕಥೆಗಳ ಬಗ್ಗೆ ವಾಚಕರು ಬರೆಯುವ ಪತ್ರಗಳೆಂದರೆ "ಹಿಡಿಸಿತು", "ಹಿಡಿಸಲಿಲ್ಲ" ಎಂಬ ಎರಡೇ ಮಾತಿನ ರದ್ದಿ ಕಾಗದವಂತೆ. ಸಭೆ ಚಪ್ಪಾಳೆ ತಟ್ಟಿತು. ಅಭ್ಯಾಸಬಲದಿಂದ ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಆ ನಾಚಿಕೆಯ ಫಲ ಈ ಲೇಖನ.

ಭಾಷಣಕಾರರ ವಾದಕ್ಕೆ ಉತ್ತರ ಹುಡುಕಲು ನಾನು ದೂರ ಹೋಗುತ್ತೇನೆ; ಹತ್ತಿರದ ಉದಾಹರಣೆ ಕೊಟ್ಟರೆ ಸ್ನೇಹಿತರ ಪರ ವಕಾಲತ್ತು ಎನ್ನುವವರು ನಮ್ಮಲ್ಲಿ ಕಡಮೆಯಿಲ್ಲ. ಜೇನ್ ಆಸ್ಟೆನ್ನಳ 'ಎಮ್ಮಾ' ಕಾದಂಬರಿಯನ್ನೇ ತೆಗೆದುಕೊಳ್ಳೋಣ. ಲಂಡನ್ನಿನ ಜಾನ್ ಮರೆ ಅದನ್ನು 1815ರ ಡಿಸೆಂಬರಿನಲ್ಲಿ ಮೂರು ಸಂಪುಟಗಳಲ್ಲಿ, 2000 ಪ್ರತಿ ಅಚ್ಚುಹಾಕಿ ಹೊರತಂದ. ಕಥೆಯೆಂದರೆ ಏನು? ಹೈಬರಿ ಎಂಬ ಊರು. ಅಲ್ಲಿ ಎಮ್ಮಾ ಎಂಬ ಸಿರಿವಂತ ಹುಡುಗಿ. ಊರವರಿಗೆಲ್ಲ ಗಂಡು ಹೆಣ್ಣು ಕೂಡಿಸುವ ಚಟ. ಕೂಡಿಸಲು ಹೋದದ್ದೆಲ್ಲ ಎಡವಟ್ಟು. ಒಂದು ಮೈಲಿಯಾಚೆ ನೆರೆಯವನಾದ ನೈಟ್ಲಿ. ಅವಳಿಗಿಂತ 16 ವರ್ಷ ದೊಡ್ಡವನು, ಊರೆಲ್ಲ ಹೊಗಳುವ ಈ ಹುಡುಗಿಯ ತಪ್ಪನ್ನು ಎದುರೆದುರೇ ಹೇಳುವವನು. ಇಬ್ಬರಿಗೂ ವಾದ, ಮುನಿಸು, ರಾಜಿ, ಕೊನೆಗೆ ಮದುವೆ. ಮದುವೆಗೆ ಹುಡುಗಿಯ ತಂದೆ ಒಪ್ಪಿದ್ದಾದರೂ ಹೇಗೆ? ನೆರೆಹೊರೆಯಲ್ಲಿ ಕಳ್ಳರು ಟರ್ಕಿ ಕೋಳಿಗಳನ್ನು ಕದ್ದರು. ಮನೆಗೊಬ್ಬ ಗಟ್ಟಿ ಗಂಡಸು ಇದ್ದರೆ ವಾಸಿಯೆಂದು ಅಂಜುಬುರುಕ ಮುದುಕ ಒಪ್ಪಿಕೊಂಡ! ನಮ್ಮ ಭಾಷಣಕಾರರು ಈ ಸಾರಾಂಶವನ್ನಷ್ಟೇ ಕೇಳಿದ್ದರೆ, ಲೇಖಕಿಯ ಹೆಸರು ಕೇಳುವ ಮೊದಲೇ ಪುಸ್ತಕವನ್ನು ರದ್ದಿಗೆ ಹಾಕುತ್ತಿದ್ದರು.

ಈ ಪುಸ್ತಕದ ಬಗ್ಗೆ ನನಗೆ ಅತ್ಯಂತ ಪ್ರಿಯವಾದ ಸಂಗತಿ ಪುಸ್ತಕದ ಹೊರಗಿದೆ. 'ಎಮ್ಮಾ' ಪ್ರಕಟವಾದ ಮೇಲೆ ಆಸ್ಟೆನ್ ಓದಿದವರ ಅಭಿಪ್ರಾಯಗಳನ್ನೆಲ್ಲ ಸಂಗ್ರಹಿಸಿ ತನ್ನ ಕೈಯಾರೆ ಬರೆದಿಟ್ಟುಕೊಂಡಳು. ತಾಯಿ, ಅಕ್ಕ, ಅಣ್ಣತಮ್ಮಂದಿರು, ಅಣ್ಣನ ಮಗಳು, ಪರಿಚಯದವರು, ಪರಿಚಯದವರ ಪರಿಚಯದವರು ಎಲ್ಲರ ಮಾತೂ ಅಲ್ಲಿದೆ. ಹೊಗಳಿಕೆಯನ್ನು ಆರಿಸಿ ತೆಗಳಿಕೆಯನ್ನು ಬಿಡಲಿಲ್ಲ. ಡಿಗ್‌ವೀಡ್ ಎಂಬಾಕೆ, ಬರೆದವಳು ಪರಿಚಯದವಳಲ್ಲದಿದ್ದರೆ ಪುಸ್ತಕವನ್ನು ಮುಗಿಸುವುದೇ ಕಷ್ಟವಾಗುತ್ತಿತ್ತು ಎಂದಿದ್ದಾಳೆ; ಅದೂ ದಾಖಲಾಗಿದೆ. ಕಾಕರೆಲ್ ಎಂಬ ಮಹಾಶಯನಿಗೆ ಅದೆಷ್ಟು ಹಿಡಿಸಲಿಲ್ಲವೆಂದರೆ, ಅವನ ಅಭಿಪ್ರಾಯವನ್ನು ಕಳಿಸಲು ಅಣ್ಣನ ಮಗಳು ಫ್ಯಾನಿಗೆ ಮನಸ್ಸೇ ಬರಲಿಲ್ಲ; ಅದೂ ದಾಖಲಾಗಿದೆ. ಆ ಫ್ಯಾನಿಗಾದರೋ ಕಥಾನಾಯಕಿಯನ್ನು ಕಂಡರೇ ಆಗದು. ತಾಯಿಗೆ ಇದು ಹಿಂದಿನದೊಂದು ಕಾದಂಬರಿಗಿಂತ ಮೇಲು, ಮತ್ತೊಂದಕ್ಕಿಂತ ಕೀಳು. ನೌಕಾಪಡೆಯಲ್ಲಿದ್ದ ತಮ್ಮ ಚಾರ್ಲ್ಸ್ ಮಾತ್ರ ಹಡಗಿನ ಪ್ರಯಾಣದಲ್ಲಿ ಅದನ್ನು ಮೂರು ಸಲ ಓದಿದನಂತೆ.

ಇವೆಲ್ಲ "ಹಿಡಿಸಿತು, ಹಿಡಿಸಲಿಲ್ಲ" ಎಂಬ ಜಾತಿಯ ಮಾತುಗಳೇ ಅಲ್ಲವೆ ಎಂದು ಕೇಳಬಹುದು. ಸ್ವಲ್ಪ ತಾಳಿ. ಗಿಟನ್ ಎಂಬಾಕೆಯ ಮಾತನ್ನು ನೋಡಿ. ಪುಸ್ತಕ ತೀರ ಸಹಜವಾಗಿದೆ, ಆದ್ದರಿಂದಲೇ ಸ್ವಾರಸ್ಯವಿಲ್ಲ ಎಂಬುದು ಅವಳ ದೂರು. ನಾನು ಒಪ್ಪುವುದಿಲ್ಲ, ಆದರೆ ಇದು ಬರಿಯ ಹಿಡಿಸಲಿಲ್ಲವೆಂಬ ಮಾತಲ್ಲ. ಬದುಕು ಇದ್ದಂತೆಯೇ ಬರೆದರೆ ಅದು ಕಲೆಯಾಗುತ್ತದೆಯೆ ಎಂಬ ದೊಡ್ಡ ಪ್ರಶ್ನೆಯ ಬಾಲವನ್ನು ಆಕೆ ಹಿಡಿದಿದ್ದಾಳೆ. ವಾಸ್ತವತೆಯ ಬಗ್ಗೆ ನಾವು ಎಂ.ಎ. ತರಗತಿಗಳಲ್ಲಿ ಗಂಟೆಗಟ್ಟಲೆ ಕೊರೆಯುವುದೂ ಇದೇ ಪ್ರಶ್ನೆಯನ್ನು. ಪಾದ್ರಿಗಳನ್ನು ಹೀಗೆ ಚಿತ್ರಿಸುವುದು ಇಂಥ ಕಾಲದಲ್ಲಿ ತಪ್ಪು ಎಂದು ಇನ್ನೊಬ್ಬಾಕೆ ಆಕ್ಷೇಪಿಸಿದಳು. ಸಾಹಿತಿಗೆ ಸಮಾಜದ ಹಂಗು ಎಷ್ಟಿರಬೇಕೆಂಬ ನಮ್ಮ ಇಂದಿನ ಜಗಳವೂ ಅದೇ ಅಲ್ಲವೆ?

ಈಗ ಪಂಡಿತರ ಕಡೆ ತಿರುಗೋಣ. ಈ ಪುಸ್ತಕಕ್ಕೆ ಸಿಕ್ಕ ಅತಿ ದೊಡ್ಡ ವಿಮರ್ಶಕ ವಾಲ್ಟರ್ ಸ್ಕಾಟ್. 1816ರಲ್ಲಿ ಹೊರಬಿದ್ದ 'ಕ್ವಾರ್ಟರ್ಲಿ ರಿವ್ಯೂ' ಸಂಚಿಕೆಯಲ್ಲಿ ಹೆಸರು ಹಾಕದೆ ಬರೆದ. ಉದಾರವಾಗಿಯೇ ಬರೆದ, ದಿನನಿತ್ಯದ ಬದುಕನ್ನು ಇಷ್ಟು ನಿಖರವಾಗಿ ಚಿತ್ರಿಸುವ ಕೈಯನ್ನು ಮೆಚ್ಚಿಕೊಂಡ. ಆದರೆ ಒಂದು ದೋಷವನ್ನೂ ಎತ್ತಿ ತೋರಿಸಿದ: ಎಮ್ಮಾಳ ತಂದೆ, ಬಾಯಿಬಡುಕಿ ಮಿಸ್ ಬೇಟ್ಸ್ ಇಂಥವರ ಮಾತು ಮತ್ತೆ ಮತ್ತೆ ಬಂದು ಬೇಸರ ಹಿಡಿಸುತ್ತದೆ ಎಂದ. ಆಸ್ಟೆನ್ನಳ ಪಟ್ಟಿಯಲ್ಲಿ ಮಿಸ್ ಬಿಗ್ ಎಂಬ ಹೆಸರಿದೆ. ಮೊದಲ ಓದಿನಲ್ಲಿ ಆಕೆಗೂ ಪುಸ್ತಕ ಅಷ್ಟಾಗಿ ರುಚಿಸಲಿಲ್ಲ. ಬರಿಯ ಮದುವೆ ಕೂಡಿಸುವ ಮಾತೇ ಆಯಿತೆಂದು ಗೊಣಗಿದಳು. ಆಮೇಲೆ ಇನ್ನೊಂದು ಸಲ ಓದಿದಳು. ಈ ಸಲ ಮಿಸ್ ಬೇಟ್ಸ್ ಮೊದಲಿಗಿಂತ ಎಷ್ಟೋ ಹೆಚ್ಚು ಇಷ್ಟವಾದಳು ಎಂದು ಹೇಳಿಕಳಿಸಿದಳು.

ನನ್ನ ವಾದದ ತಿರುಳು ಇಲ್ಲಿದೆ. ಮಿಸ್ ಬೇಟ್ಸಳ ವಿಷಯದಲ್ಲಿ ಸ್ಕಾಟ್ ತಪ್ಪಿದ; ಬಿಗ್ ಸರಿಯಾಗಿ ಹೇಳಿದಳು. ಹೇಗೆಂದರೆ, ಕಾದಂಬರಿಯ ಹೃದಯವಿರುವುದು ಬಾಕ್ಸ್ ಹಿಲ್ ಎಂಬ ಗುಡ್ಡದ ಮೇಲಿನ ವನಭೋಜನದ ಪ್ರಸಂಗದಲ್ಲಿ. ಮಿಸ್ ಬೇಟ್ಸ್ ಬಡವಿ, ಮದುವೆಯಾಗದವಳು, ಮುದಿ ತಾಯಿಯನ್ನು ಸಾಕುವವಳು. ಯಾರು ಒಂದು ಸೇಬು ಕಳಿಸಿದರೂ ಗಂಟೆಗಟ್ಟಲೆ ಉಪಕಾರ ಸ್ಮರಿಸುವವಳು. ಅಷ್ಟು ಅಧ್ಯಾಯಗಳ ಉದ್ದಕ್ಕೂ ಅವಳ ಮಾತಿಗೆ ನಾವು ನಕ್ಕಿದ್ದೇವೆ, ಬೇಸತ್ತಿದ್ದೇವೆ, ಪುಟ ಹಾರಿಸಿದ್ದೇವೆ. ಗುಡ್ಡದ ಮೇಲೆ ಎಮ್ಮಾ ಎಲ್ಲರೆದುರಿಗೆ ಅವಳ ಮಾತುಗುಳಿತನವನ್ನು ಚುಚ್ಚಿ ಒಂದು ಚಟಾಕಿ ಹಾರಿಸುತ್ತಾಳೆ. ಒಳ್ಳೆಯ ಚಟಾಕಿಯೇ, ನಮಗೂ ನಗು ಬರುತ್ತದೆ. ಮಿಸ್ ಬೇಟ್ಸಳ ಮುಖ ಕೆಂಪಾಗುತ್ತದೆ. ಅವಳು ಸಿಟ್ಟಾಗುವುದಿಲ್ಲ, ತಪ್ಪು ತನ್ನದೇ ಎಂದುಕೊಳ್ಳುತ್ತಾಳೆ. ಆಮೇಲೆ ನೈಟ್ಲಿ ಎಮ್ಮಾಳನ್ನು ಪಕ್ಕಕ್ಕೆ ಕರೆದು, ಬಡತನಕ್ಕೆ ಇಳಿದ ನೆರೆಯವಳನ್ನು, ಎಳೆತನದಿಂದ ನಿನ್ನನ್ನು ಬಲ್ಲವಳನ್ನು ನಾಲ್ವರ ಮುಂದೆ ನಗೆಪಾಟಲು ಮಾಡಿದೆಯಲ್ಲ ಎಂದು ಗದರಿಸುತ್ತಾನೆ. ಬಂಡಿಯಲ್ಲಿ ಕುಳಿತು ಎಮ್ಮಾ ದಾರಿಯುದ್ದಕ್ಕೂ ಅಳುತ್ತಾಳೆ.

ಆ ಗದರಿಕೆ ಎಮ್ಮಾಳಿಗೆ ಮಾತ್ರವೆ? ನಮಗೂ ಅಲ್ಲವೆ? ಮಿಸ್ ಬೇಟ್ಸಳ ಮಾತು ನಮಗೆ ಬೇಸರ ತರದಿದ್ದರೆ ಆ ಚಟಾಕಿಗೆ ನಾವು ನಗುತ್ತಿರಲಿಲ್ಲ, ನಗದಿದ್ದರೆ ನಾಚಿಕೆಪಡುತ್ತಿರಲಿಲ್ಲ. ಸ್ಕಾಟ್ ದೋಷವೆಂದದ್ದೇ ಪುಸ್ತಕದ ಸಾಧನ. ಅದು ಕಾಣುವುದು ಎರಡನೆಯ ಓದಿಗೆ. ಎರಡನೆಯ ಸಲ ಓದಿದ ಮಿಸ್ ಬಿಗ್ ಮಹಾ ವಿಮರ್ಶಕನಿಗಿಂತ ಒಂದು ಹೆಜ್ಜೆ ಮುಂದೆ ಹೋದಳು. ಅವಳ ಅಭಿಪ್ರಾಯ ಒಂದೆರಡು ಸಾಲಿನದು. ಸಾಲು ಚಿಕ್ಕದಾದರೆ ವಿಮರ್ಶೆಯಾಗದೆ?

ಹಗುರವಾದ ಪುಸ್ತಕ ಪೊಳ್ಳು ಪುಸ್ತಕವಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ. ಯುದ್ಧ, ಸಾವು, ತ್ಯಾಗ ಇವುಗಳ ಮುಂದೆ ಮನುಷ್ಯ ಹೇಗೆ ನಿಲ್ಲಬೇಕೆಂದು ಹೇಳುವ ಕಾವ್ಯಗಳು ನಮಗೆ ಬೇಕಾದಷ್ಟಿವೆ. ಆದರೆ ನಮ್ಮ ಬಹುಪಾಲು ದಿನಗಳು ಕಳೆಯುವುದು ರಣರಂಗದಲ್ಲಲ್ಲ, ವಠಾರದಲ್ಲಿ. ಒಂದೇ ನಲ್ಲಿ, ಒಂದೇ ಜಗಲಿ, ನಡುವೆ ಒಂದು ತೆಳುಗೋಡೆ. ನೆಂಟರನ್ನಾದರೂ ಮದುವೆಯ ಮೂಲಕ ಒಂದಿಷ್ಟು ಆರಿಸಿಕೊಳ್ಳಬಹುದು. ನೆರೆಯವರನ್ನು ಯಾರು ಆರಿಸಿಕೊಂಡಾರು? ಆರಿಸಿಕೊಳ್ಳದವರೊಡನೆ ಬಾಳುವುದು ಹೇಗೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಹೊಂದದ ನೆರೆಯವರ ಪ್ರಣಯಹಾಸ್ಯ ಕೇಳುವುದು ಅದೇ ಪ್ರಶ್ನೆಯನ್ನು. ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆಂದು ಭರತಮುನಿಯೇ ಹೇಳಿ, ರಸಗಳ ಪಟ್ಟಿಯಲ್ಲಿ ಹಾಸ್ಯವನ್ನು ಶೃಂಗಾರದ ಪಕ್ಕದಲ್ಲೇ ಕೂರಿಸಿದ್ದಾನೆ. ಅವೆರಡೂ ಕೂಡಿದ ಕಾದಂಬರಿಯನ್ನು ಕಂಡು ನಾವೇಕೆ ಮೂಗು ಮುರಿಯಬೇಕು?

ಹಾಗೆಂದು ಓದುಗನೆಲ್ಲ ದೇವರು, ಅವನು ಹೇಳಿದ್ದೆಲ್ಲ ವೇದ ಎಂದು ನಾನು ಹೇಳುತ್ತಿಲ್ಲ. ಅದೇ ಪಟ್ಟಿಯಲ್ಲಿ ಫೌಲ್ ಎಂಬಾತನಿದ್ದಾನೆ. ಪುಸ್ತಕ ಸ್ವಾರಸ್ಯವಾಗಿಲ್ಲವೆಂದು ಯಾರೋ ಹೇಳಿದ್ದನ್ನು ನಂಬಿ ಮೊದಲ ಅಧ್ಯಾಯ ಮತ್ತು ಕೊನೆಯ ಅಧ್ಯಾಯ ಮಾತ್ರ ಓದಿದ. ಒಟ್ಟು 55 ಅಧ್ಯಾಯಗಳಲ್ಲಿ ಎರಡು! ಡಿಕ್ಸನ್ ಎಂಬಾಕೆಗೆ, ಪುಸ್ತಕದಲ್ಲಿಯೂ ಒಂದು ಡಿಕ್ಸನ್ ದಂಪತಿಗಳು ಬರುತ್ತಾರೆಂದು ಅದರ ಮೇಲಿನ ಪ್ರೀತಿ ಇನ್ನಷ್ಟು ಇಳಿಯಿತು. ಇಂಥವರು ನಮ್ಮ ಪತ್ರಿಕೆಗಳಿಗೂ ಕಾಗದ ಬರೆಯುತ್ತಾರೆ, ಬರೆಯಲಿ. ನಾಯಕಿ ಸದ್ಗುಣಿಯಲ್ಲವೆಂದು ಸಿಟ್ಟು, ಖಳನಿಗೆ ತಕ್ಕ ಶಾಸ್ತಿಯಾಗಲಿಲ್ಲವೆಂದು ಸಿಟ್ಟು, ಕೊನೆ ಮೊದಲೇ ಗೊತ್ತಾಯಿತೆಂದು ಸಿಟ್ಟು. ಕೊನೆ ಗೊತ್ತಿದ್ದೂ ನಾವು ಗಯಚರಿತ್ರೆಯನ್ನು ನೋಡಲು ರಾತ್ರಿಯೆಲ್ಲ ಬಯಲಾಟಕ್ಕೆ ಕೂರುವುದಿಲ್ಲವೆ? ಓದುಗನಿಗೆ ಗೌರವ ಬೇಕಾದರೆ ಅವನ ಮೇಲೆ ಒಂದು ಹೊಣೆಯೂ ಇದೆ: ಪೂರ್ತಿ ಓದಬೇಕು, ಆದರೆ ಇನ್ನೊಮ್ಮೆ ಓದಬೇಕು, ಅಭಿಪ್ರಾಯ ಬದಲಾದರೆ ಅದನ್ನೂ ಹೇಳಬೇಕು.

ಆದರೆ ಪಂಡಿತರ ಅಪರಾಧ ಇದಕ್ಕಿಂತ ದೊಡ್ಡದು. 'ಎಡಿನ್‌ಬರೋ ರಿವ್ಯೂ' ಪತ್ರಿಕೆಯ ಜೆಫ್ರಿಯನ್ನು ಈ ಪುಸ್ತಕ ಮೂರು ರಾತ್ರಿ ನಿದ್ದೆಗೆಡಿಸಿತು ಎಂದು ಆಸ್ಟೆನ್ ಬರೆದಿಟ್ಟುಕೊಂಡಿದ್ದಾಳೆ. ಅವನ ಪತ್ರಿಕೆ ಮಾತ್ರ 'ಎಮ್ಮಾ' ಮೇಲೆ ವಿಮರ್ಶೆ ಪ್ರಕಟಿಸಲಿಲ್ಲ. ರಾತ್ರಿ ಓದಿ ನಕ್ಕದ್ದು, ಹಗಲು ಮೌನ! ಇದು ನಮ್ಮ ಜಾತಿ. ನಮ್ಮಲ್ಲಿ ಎಷ್ಟು ಮಂದಿ ರೈಲಿನಲ್ಲಿ ತ್ರಿವೇಣಿಯವರನ್ನು ಓದಿ, ಇಳಿದ ಮೇಲೆ ಚೀಲದ ತಳಕ್ಕೆ ಸೇರಿಸಿಲ್ಲ? ನಾನೂ ಸೇರಿಸಿದ್ದೇನೆ.

ಪುಸ್ತಕ ಚೀಲಕ್ಕೆ ಸೇರಿದ್ದು ಸಣ್ಣ ತಪ್ಪು. ದೊಡ್ಡ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು, ಮೆಚ್ಚಿದ ಕೃತಿಯ ಬಗ್ಗೆ ಬರೆಯಿರೆಂದಾಗ, ನೆರೆಮನೆಯವರ ಪ್ರೇಮದ ಒಂದು ತಮಾಷೆಯ ಕಾದಂಬರಿಯನ್ನು ಆರಿಸಿಕೊಂಡಿದ್ದಳು. ಅದರಲ್ಲಿ ಒಬ್ಬ ಗೊಣಗುವ ಅಜ್ಜಿ ಬರುತ್ತಾಳೆ. ಅರ್ಧ ಪುಸ್ತಕದವರೆಗೂ ಆ ಅಜ್ಜಿಗೆ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಆಮೇಲೆ ನಮ್ಮ ವಠಾರದ ಅಜ್ಜಿಯ ನೆನಪಾಯಿತು. ನಾವೆಲ್ಲ ಸೇರಿ ಆಕೆಯ ನಡಿಗೆಯನ್ನು ಅಣಕಿಸುತ್ತಿದ್ದೆವು. ಮಾರನೆಯ ದಿನದಿಂದ ನನಗೆ ಅಣಕಿಸಲಾಗಲಿಲ್ಲ. ಹೀಗೆ ಬರೆದಿದ್ದಳು. ನಾನು ಕೆಂಪು ಮಸಿಯಲ್ಲಿ "ಇದು ವಿಮರ್ಶೆಯಲ್ಲ, ಸ್ವಂತ ಕಥೆ" ಎಂದು ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆ. ಮುಂದಿನ ಸಲ ಅವಳು ಪಾತ್ರಚಿತ್ರಣ, ಸನ್ನಿವೇಶ ನಿರ್ಮಾಣ, ಭಾಷಾಶೈಲಿ ಎಂದು ಮೂರು ತಲೆಬರಹ ಹಾಕಿ, ಗೈಡಿನಿಂದ ಇಳಿಸಿದ ಮೂರು ಪುಟ ತಂದುಕೊಟ್ಟಳು. ಏಳು ಕೊಟ್ಟೆ.

ಇಂದು ಯೋಚಿಸಿದರೆ, ಬಾಕ್ಸ್ ಹಿಲ್ಲಿನ ಪ್ರಸಂಗದ ಅರ್ಥವನ್ನು ಆ ಹುಡುಗಿ 'ಎಮ್ಮಾ' ಓದದೆಯೇ ಕಂಡಿದ್ದಳು. ಸಾಹಿತ್ಯ ಮನುಷ್ಯನಿಗೆ ಏನು ಮಾಡಬೇಕೆಂದು ನಾವು ವೇದಿಕೆಗಳ ಮೇಲೆ ಸಾರುತ್ತೇವೆಯೋ ಅದು ಅವಳಿಗೆ ಆಗಿತ್ತು. ಆದದ್ದನ್ನು ನೇರವಾಗಿ ಹೇಳಿದ್ದಕ್ಕೆ ನಾನು ಆರು ಅಂಕ ಕಳೆದೆ.

ಓದು ಕಲಿಯದೆಯೂ ಕಾವ್ಯವನ್ನು ಬಲ್ಲ ಜನ ಈ ನಾಡಿನವರು ಎಂದು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಹೆಮ್ಮೆಪಟ್ಟಿದೆ. ರಾಜ್ಯೋತ್ಸವದ ಭಾಷಣಗಳಲ್ಲಿ ಆ ಮಾತನ್ನು ಹೇಳದವರಿಲ್ಲ. ನವೆಂಬರಿನಲ್ಲಿ ಹಾಡಿ ಹೊಗಳಿದ ಆ ಜನವೇ ಡಿಸೆಂಬರಿನಲ್ಲಿ ಒಂದು ಕಾದಂಬರಿ ಓದಿ ಪತ್ರಿಕೆಗೆ ನಾಲ್ಕು ಸಾಲು ಬರೆದರೆ, ರದ್ದಿ ಕಾಗದವೆನ್ನುವುದು ಯಾವ ನ್ಯಾಯ? ಸಂಪಾದಕರೇ, ವಾಚಕರ ಪತ್ರಗಳಿಗೆ ಇನ್ನಷ್ಟು ಜಾಗ ಕೊಡಿ. ಉದ್ದ ನೋಡಬೇಡಿ, ಓದಿದ ಗುರುತು ನೋಡಿ. ಅಧ್ಯಾಪಕ ಮಿತ್ರರೇ, ಕೆಂಪು ಮಸಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಎರಡನೆಯ ಸಲ ಓದಿ.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಈ ಪುಟಗಳನ್ನು ಓದುವ ಅಭ್ಯಾಸವಿದ್ದರೆ, ಈ ಸಾಲು ಅವಳಿಗಾಗಿ: ಅಮ್ಮಾ, ನಿನ್ನ ಬರಹವನ್ನು ನಾನು ಈಗ ಎರಡನೆಯ ಸಲ ಓದುತ್ತಿದ್ದೇನೆ, ನೆನಪಿನಿಂದ. ಅದು ವಿಮರ್ಶೆಯೇ ಆಗಿತ್ತು.