ಪರದೆಯ ಮೇಲಿನ ಪಾಠ

ತೊಗಲುಗೊಂಬೆಯಾಟದಲ್ಲಿ ಬಿಳಿಯ ಪರದೆಯ ಹಿಂದೆ ದೀಪವಿರುತ್ತದೆ. ಅದರ ಬೆಳಕು ಬಣ್ಣ ಹಚ್ಚಿದ ತೆಳುತೊಗಲನ್ನು ಹಾಯ್ದು ಪರದೆಯ ಮೇಲೆ ರಾಮನಾಗಿ, ರಾವಣನಾಗಿ ಮೂಡುತ್ತದೆ. ಆದರೆ ರಾಮನು ಆಡಬೇಕಾದ ಮಾತನ್ನು ಯಾವ ಕಲಾವಿದನೂ ಗೊಂಬೆಯ ಮೈಮೇಲೆ ಬರೆದಿಡುವುದಿಲ್ಲ. ಕಾಣಬೇಕಾದುದನ್ನು ಪರದೆ ಕಾಣಿಸುತ್ತದೆ. ಕೇಳಬೇಕಾದುದನ್ನು ಆಡಿಸುವವನ ಕಂಠ ಕೇಳಿಸುತ್ತದೆ. ಶಾಲೆಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ಸ್ಲೈಡುಗಳನ್ನು ತೋರಿಸುವ ನಾವು ಈ ಕೆಲಸದ ಹಂಚಿಕೆಯನ್ನು ಮರೆತಿದ್ದೇವೆಂಬುದು ನನ್ನ ಅಭಿಪ್ರಾಯ.

ಚಿತ್ರವನ್ನು ಗೋಡೆಯ ಮೇಲೆ ಬೀಳಿಸುವ ದೀಪಯಂತ್ರವನ್ನು ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1659ರ ಸುಮಾರಿಗೆ ರೂಪಿಸಿದನು. ಮುಂದೆ ಫಿಲ್ಮಿನ ಸ್ಲೈಡುಗಳು ಬಂದವು. ಒಂದೊಂದು ಸ್ಲೈಡಿಗೂ ಛಾಯಾಚಿತ್ರ ತೆಗೆಯಬೇಕು, ಫಿಲ್ಮನ್ನು ಸಂಸ್ಕರಿಸಬೇಕು, ಚೌಕಟ್ಟಿಗೆ ಸೇರಿಸಬೇಕು. ಹಣ ಖರ್ಚಾಗುತ್ತಿದ್ದುದರಿಂದ ಆಯ್ಕೆಯೂ ಬಿಗಿಯಾಗಿತ್ತು. 1987ರಲ್ಲಿ ಪವರ್‌ಪಾಯಿಂಟ್ ಎಂಬ ಗಣಕತಂತ್ರಾಂಶ ಬಂದಿತು. 2004ರಲ್ಲಿ ಕೊಡಕ್ ಸಂಸ್ಥೆ ಸ್ಲೈಡ್ ಪ್ರೊಜೆಕ್ಟರುಗಳ ತಯಾರಿಕೆಯನ್ನೇ ನಿಲ್ಲಿಸಿತು. ಈಗ ಸ್ಲೈಡೊಂದಕ್ಕೆ ಕಾಸೂ ತಗಲದು. ಆದುದರಿಂದಲೇ ಪಠ್ಯಪುಸ್ತಕದ ಪುಟಕ್ಕೆ ಪುಟವೇ ಪರದೆಯನ್ನೇರುತ್ತಿದೆ.

ಉಪಾಧ್ಯಾಯರು ಮಕ್ಕಳಿಗೆ ಬೆನ್ನುಮಾಡಿ ಆ ಸಾಲುಗಳನ್ನು ಗಟ್ಟಿಯಾಗಿ ಓದುತ್ತಾರೆ. ಕಣ್ಣಿನ ಓದು ಬಾಯಿಯ ಓದಿಗಿಂತ ವೇಗವಾದುದು. ಬಲ್ಲ ಹುಡುಗ ಮೊದಲೇ ಓದಿ ಮುಗಿಸಿ ಕಿಟಕಿಯಾಚೆ ನೋಡುತ್ತಾನೆ. ನಿಧಾನವಾಗಿ ಓದುವವನು ಅಕ್ಷರಗಳಲ್ಲಿ ಸಿಕ್ಕಿಕೊಂಡು ಮಾತನ್ನು ಕೇಳಿಸಿಕೊಳ್ಳಲಾರ. ಇಬ್ಬರಿಗೂ ನಷ್ಟವೇ.

ಇದು ಬರಿಯ ಬೇಸರದ ಮಾತಲ್ಲ. 2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರಿದ ಸುಮಾರು 82 ಸೆಕೆಂಡುಗಳಲ್ಲಿ, ಇಂಧನತೊಟ್ಟಿಯಿಂದ ಕಳಚಿದ ನೊರೆಪದಾರ್ಥದ ತುಂಡೊಂದು ಅದರ ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಎಂಜಿನಿಯರುಗಳು ಈ ಹೊಡೆತದ ಪರಿಣಾಮವನ್ನು ಸ್ಲೈಡುಗಳ ಮೂಲಕ ಮೇಲಧಿಕಾರಿಗಳಿಗೆ ವಿವರಿಸಿದರು. ಅವುಗಳಲ್ಲೊಂದರ ತಲೆಬರಹ ಧೈರ್ಯ ಹೇಳುವಂತಿತ್ತು. ಕೆಳಗೆ ಅಂಶಗಳು, ಉಪಾಂಶಗಳು, ಮತ್ತೆ ಅವುಗಳ ಉಪಾಂಶಗಳು. ಎಲ್ಲಕ್ಕೂ ಕೆಳಗೆ, ತಳದಲ್ಲಿ, ಒಂದು ಸಾಲು: ಪರೀಕ್ಷಿಸಿ ನೋಡಿದ್ದ ತುಂಡಿನ ಗಾತ್ರ 3 ಘನ ಅಂಗುಲ, ಬಡಿದ ತುಂಡಿನದು 1920 ಘನ ಅಂಗುಲವೆಂದು. ಎಂದರೆ 640 ಪಟ್ಟು! ಮೊದಲು ಹೇಳಬೇಕಾದ ಮಾತು ಕೊನೆಗೆ ಅಡಗಿ ಕುಳಿತಿತ್ತು. ಫೆಬ್ರವರಿ 1ರಂದು ಭೂಮಿಗೆ ಮರಳುತ್ತಿದ್ದ ನೌಕೆ ಆಗಸದಲ್ಲಿಯೇ ಛಿದ್ರವಾಗಿ, ಕರ್ನಾಲಿನ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಅಸುನೀಗಿದರು. ದುರಂತಕ್ಕೆ ಕಾರಣ ಸ್ಲೈಡಲ್ಲ, ರೆಕ್ಕೆಗಾದ ಪೆಟ್ಟು. ಆದರೂ ಅದನ್ನು ಓದಿದ ಅಧಿಕಾರಿಗೆ ಪ್ರಾಣಾಪಾಯದ ಅರಿವಾಗದೆ ಹೋಗುವುದು ಸಹಜವೇ ಎಂಬ ಅರ್ಥದ ಮಾತನ್ನು ತನಿಖಾ ಮಂಡಲಿಯು ತನ್ನ ವರದಿಯಲ್ಲಿ ಬರೆಯಬೇಕಾಯಿತು.

ಹಾಗಾದರೆ ಪರದೆಯ ಮೇಲೆ ಏನಿರಬೇಕು? ಹಂಪೆಯ ಪಾಠವನ್ನೇ ತೆಗೆದುಕೊಳ್ಳೋಣ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಹಂಪೆಯ ಛಾಯಾಚಿತ್ರಗಳನ್ನು ತೆಗೆದನು. ಅದರಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ, ಇಂದು ಅದಿಲ್ಲ. ಆ ಚಿತ್ರವನ್ನೂ ಇಂದಿನ ಚಿತ್ರವನ್ನೂ ಅಕ್ಕಪಕ್ಕದಲ್ಲಿಟ್ಟು, ಒಂದಕ್ಷರವನ್ನೂ ಬರೆಯದೆ, ಒಂದು ನಿಮಿಷ ಸುಮ್ಮನಿದ್ದು ನೋಡಿರಿ. ವ್ಯತ್ಯಾಸವನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಶಿಖರವೇನಾಯಿತೆಂದು ಅವರೇ ಕೇಳುತ್ತಾರೆ. ಹತ್ತು ಸಾಲುಗಳ ವಿವರಣೆ ಈ ಪ್ರಶ್ನೆಯನ್ನು ಹುಟ್ಟಿಸಲಾರದು. ಕಣ್ಣು ಕಾಣದ ಮಗುವೊಂದು ತರಗತಿಯಲ್ಲಿದ್ದರೆ, ಚಿತ್ರದಲ್ಲಿರುವುದನ್ನು ಬಾಯಿಮಾತಿನಲ್ಲಿ ಬಣ್ಣಿಸುವ ಹೊಣೆಯೂ ಉಪಾಧ್ಯಾಯರದೇ.

ಟಿಪ್ಪಣಿಗಳಿಲ್ಲದೆ ಮಕ್ಕಳು ಪರೀಕ್ಷೆಗೆ ಏನನ್ನು ಓದಬೇಕು ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪ ನ್ಯಾಯವಾದುದೇ, ಆದರೆ ಅದಕ್ಕೆ ಉತ್ತರ ಅಚ್ಚುಮಾಡಿದ ಒಂದು ಹಾಳೆ, ಪರದೆಯಲ್ಲ. (ಕರೆಂಟು ಹೋದರೂ ಹಾಳೆ ಕೈಯಲ್ಲಿರುತ್ತದೆ.) ಗ್ರಂಥಾಲಯಕ್ಕಾದರೋ ಇನ್ನೂ ಒಂದು ಅನುಕೂಲವುಂಟು. ಹಂಪೆಯ ಚಿತ್ರಗಳನ್ನು ತೋರಿಸುವ ದಿನ ಗ್ರಂಥಪಾಲಕರು ವಿಜಯನಗರವನ್ನು ಕುರಿತ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಹರಡಿಡಬಹುದು. ದೀಪ ಹತ್ತಿದೊಡನೆ ಮಕ್ಕಳು ಬಾಗಿಲಿನತ್ತ ಹೊರಡುತ್ತಾರೆ. ಆ ಮೇಜು ಅವರ ದಾರಿಯಲ್ಲಿಯೇ ಇರಲಿ.