ಪೈಪು ಇರಲಿ, ಹೊಗೆ ಬೇಡ

ಜರ್ಮನಿಯಲ್ಲಿ ತಯಾರಾದ ಬ್ರಯರ್ ಪೈಪುಗಳನ್ನು ಸಂಗ್ರಹಿಸುವುದು ಒಳ್ಳೆಯ ಹವ್ಯಾಸ ಅಂತ ಕನ್ನಡ ಶಾಲೆಯ ಮಾಷ್ಟ್ರುಗಳು ಬರೆದರೆ ನಾಲ್ಕು ಮಂದಿ ಹುಬ್ಬೇರಿಸುವುದು ಸಹಜ. ಹೊಗೆಸೊಪ್ಪಿನ ಸುದ್ದಿ ಶಾಲೆಯವರಿಗೆ ಯಾಕೆ ಎಂದು ಒಬ್ಬರು ಕೇಳಬಹುದು. ಪೈಪು ಸೇದುವುದೇನು ಬೀಡಿ ಸಿಗರೇಟಿನ ಹಾಗಲ್ಲ, ಅದು ದೊಡ್ಡವರ ಶೋಕಿ, ಅದರಿಂದ ಅಪಾಯವಿಲ್ಲ ಎಂದು ಇನ್ನೊಬ್ಬರು ಹೇಳಬಹುದು. ಇಬ್ಬರ ಮಾತನ್ನೂ ನಾವು ಒಪ್ಪುವುದಿಲ್ಲ. ಆ ಪೈಪಿನಲ್ಲಿ ಕಲಿಯಲಿಕ್ಕೆ ಬೇಕಾದಷ್ಟು ಇದೆ. ಅದರ ಹೊಗೆಯಲ್ಲಿ ಹೊಗಳುವಂಥದ್ದು ಏನೂ ಇಲ್ಲ. ಈ ಎರಡನ್ನೂ ಬಿಡಿಸಿ ನೋಡಲು ಬರಬೇಕು ಎಂಬುದೇ ನಮ್ಮ ವಾದ.

ಮೊದಲು ಬ್ರಯರ್ ಎಂದರೆ ಏನು ಎಂಬುದನ್ನು ನೋಡೋಣ. ಇಂಗ್ಲಿಷಿನಲ್ಲಿ ಮುಳ್ಳಿನ ಗುಲಾಬಿಗೂ ಇಂಥದೇ ಹೆಸರಿರುವುದರಿಂದ ಹಲವರು ಅದನ್ನು ಗುಲಾಬಿ ಮರ ಎಂದುಕೊಳ್ಳುತ್ತಾರೆ. ಅದು ತಪ್ಪು. ಇದು ಎರಿಕಾ ಆರ್ಬೋರಿಯಾ ಎಂಬ ಪೊದೆಮರ. ಮೆಡಿಟರೇನಿಯನ್ ಸಮುದ್ರದ ಸುತ್ತಣ ಒಣ ಗುಡ್ಡಗಳಲ್ಲಿ, ಅಂದರೆ ಕಾರ್ಸಿಕಾ, ಇಟಲಿಯ ಕಲಾಬ್ರಿಯಾ, ಗ್ರೀಸ್, ಅಲ್ಜೀರಿಯಾ ಕಡೆ ಬೆಳೆಯುತ್ತದೆ. ಫ್ರೆಂಚರು ಈ ಜಾತಿಯ ಗಿಡಕ್ಕೆ ಬ್ರುಯೆರ್ ಎನ್ನುತ್ತಾರೆ. ಬ್ರಯರ್ ಎಂಬ ಹೆಸರು ಬಂದದ್ದು ಅದರಿಂದ. ಜರ್ಮನರು ಇಂದಿಗೂ ಆ ಫ್ರೆಂಚ್ ಹೆಸರನ್ನೇ ಬಳಸುತ್ತಾರೆ. ಪೈಪಿಗೆ ಬೇಕಾಗುವುದು ಇದರ ಕಾಂಡವಲ್ಲ; ಬೇರಿಗೂ ಕಾಂಡಕ್ಕೂ ನಡುವೆ ಮಣ್ಣಿನೊಳಗೆ ಬೆಳೆಯುವ ಗಂಟು. ಕಾಡುಕಿಚ್ಚು ಬಂದು ಮೇಲಿನ ಗಿಡವೆಲ್ಲ ಸುಟ್ಟುಹೋದರೂ ಈ ಗಂಟಿನಿಂದ ಮತ್ತೆ ಚಿಗುರೊಡೆಯುತ್ತದೆ. ಬೆಂಕಿಯನ್ನು ಎದುರಿಸಿ ಬದುಕಲು ಕಲಿತ ಗಂಟು ಆದ್ದರಿಂದಲೇ ತನ್ನೊಳಗೆ ಕೆಂಡ ಇಟ್ಟರೂ ಬೇಗ ಸುಡುವುದಿಲ್ಲ. ಪೈಪಿಗೆ ತಕ್ಕ ಗಾತ್ರದ ಗಂಟು ಬೆಳೆಯಲು ಹಲವು ದಶಕಗಳು ಬೇಕು. ಅಗೆದು ತೆಗೆದ ಮೇಲೆ ಒಡೆಯದಂತೆ ತೇವದಲ್ಲಿಟ್ಟು, ತುಂಡು ಮಾಡಿ, ಒಗರು ಹೋಗುವವರೆಗೆ ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸುತ್ತಾರೆ. ಆ ಮೇಲೆ ಅದು ಪೈಪು ಮಾಡುವವನ ಕೈಗೆ ಬರುತ್ತದೆ.

ಈ ಕಟ್ಟಿಗೆಯಿಂದ ಪೈಪು ಮಾಡುವ ಕಸುಬು 19ನೇ ಶತಮಾನದ ನಡುವೆ ಫ್ರಾನ್ಸಿನ ಸಾಂ ಕ್ಲೋದ್ ಎಂಬ ಊರಿನಲ್ಲಿ ಬೇರೂರಿತು. ಜರ್ಮನಿಯಲ್ಲಿ ಅದಕ್ಕಿಂತ ಹಿಂದಿನಿಂದಲೂ ಬೇರೆ ಬೇರೆ ಬಗೆಯ ಪೈಪುಗಳಿದ್ದವು. ವೆಸ್ಟರ್‌ವಾಲ್ಡ್ ಸೀಮೆಯ ಕುಂಬಾರರು ಬಿಳಿ ಜೇಡಿಯ ಪೈಪು ಸುಡುತ್ತಿದ್ದರು. ನಮ್ಮ ಹಳಬರ ಚಿಲುಮೆಗೆ ದೂರದ ನೆಂಟ ಎನ್ನಬಹುದು. ಉಲ್ಮ್ ಪಟ್ಟಣ ಮರದ ಗಂಟಿನಲ್ಲಿ ಕೆತ್ತಿದ ಪೈಪಿನ ತಲೆಗಳಿಗೆ ಹೆಸರಾಗಿತ್ತು. ತ್ಯೂರಿಂಗಿಯಾದ ರೂಲಾ ಎಂಬ ಸಣ್ಣ ಊರು ಪೈಪಿನ ವ್ಯಾಪಾರದಿಂದಲೇ ಬದುಕುತ್ತಿತ್ತು. ಪಿಂಗಾಣಿಯ ಮೇಲೆ ಚಿತ್ರ ಬರೆದ ಪೈಪುಗಳನ್ನು ಸೈನಿಕರು ತಮ್ಮ ಪಡೆಯ ನೆನಪಿಗೆಂದು ಊರಿಗೆ ಒಯ್ಯುತ್ತಿದ್ದರು.

1848 ಇಲ್ಲಿ ನೆನಪಿಡಬೇಕಾದ ವರ್ಷ. ಅಲ್ಲಿಯವರೆಗೆ ಪ್ರಷ್ಯದ ರಾಜ್ಯದಲ್ಲಿ ಬೀದಿಯಲ್ಲಿ ಹೊಗೆಬತ್ತಿ ಸೇದುವುದಕ್ಕೆ ನಿಷೇಧವಿತ್ತು. ಆ ವರ್ಷದ ಮಾರ್ಚಿಯಲ್ಲಿ ಬರ್ಲಿನ್ನಿನ ಜನ ದಂಗೆಯೆದ್ದಾಗ ಅರಸ ಒಪ್ಪಿಕೊಂಡ ಸಂಗತಿಗಳಲ್ಲಿ ಆ ನಿಷೇಧ ತೆಗೆದುಹಾಕುವುದೂ ಒಂದಾಗಿತ್ತು. ಅದೇ 1848ರಲ್ಲಿ ದೂರದ ನ್ಯೂರೆಂಬರ್ಗಿನಲ್ಲಿ ಒಂದು ಪೈಪು ಕಾರ್ಖಾನೆ ಹುಟ್ಟಿತು. 1901ರಲ್ಲಿ ಅದು ಅದೇ ಊರಿನ ಇನ್ನೊಂದು ಕಾರ್ಖಾನೆಯ ಜೊತೆ ಸೇರಿ ನ್ಯೂರೆಂಬರ್ಗಿನ ಸಂಯುಕ್ತ ಪೈಪು ಕಾರ್ಖಾನೆ ಎನಿಸಿತು. ಜರ್ಮನ್ ಭಾಷೆಯಲ್ಲಿ ಸಂಯುಕ್ತ ಎಂಬ ಪದದ ಮೊದಲಕ್ಷರದ ಹೆಸರು ಫೌ; ನ್ಯೂರೆಂಬರ್ಗಿನ ಮೊದಲಕ್ಷರ ಎನ್. ಎರಡನ್ನೂ ಕೂಡಿಸಿ ಓದಿದರೆ ಫೌಎನ್. ಇಂದಿಗೂ ನಡೆಯುತ್ತಿರುವ ಆ ಕಂಪೆನಿಯ ಹೆಸರು ಅದೇ. ನಮ್ಮ ವ್ಯಾಕರಣದ ತರಗತಿಗೆ ಇದೊಂದು ಒಳ್ಳೆಯ ಉದಾಹರಣೆಯಲ್ಲವೇ? ಕಾರ್ಖಾನೆಗಳಲ್ಲದೆ ಒಬ್ಬೊಬ್ಬರೇ ಕುಳಿತು ಕೈಯಲ್ಲಿ ಪೈಪು ಕಡೆಯುವ ಕಸುಬುದಾರರೂ ಅಲ್ಲಿದ್ದಾರೆ. 2011ರಲ್ಲಿ ತೀರಿಕೊಂಡ ರೈನರ್ ಬಾರ್ಬಿಯ ಹೆಸರನ್ನು ಸಂಗ್ರಾಹಕರು ಈಗಲೂ ಗೌರವದಿಂದ ಹೇಳುತ್ತಾರೆ.

ಸಂಗ್ರಾಹಕರು ನೋಡುವುದೇನನ್ನು? ಮೊದಲನೆಯದು ಕಟ್ಟಿಗೆಯ ಗೆರೆ. ಬಟ್ಟಲಿನ ಮೈಮೇಲೆ ಗೆರೆಗಳು ಬುಡದಿಂದ ಬಾಯಿಯವರೆಗೆ ನೆಟ್ಟಗೆ ಹೋಗಿದ್ದರೆ ಅದಕ್ಕೆ ಬೆಲೆ ಜಾಸ್ತಿ. ಗೆರೆಗಳನ್ನು ಅಡ್ಡ ಕೊಯ್ದ ಕಡೆ ಹಕ್ಕಿಯ ಕಣ್ಣಿನಂಥ ಚುಕ್ಕೆಗಳು ಕಾಣುತ್ತವೆ. ಈ ಗಂಟು ಬೆಳೆಯುವುದು ಮಣ್ಣಿನಲ್ಲಿ. ಬೆಳೆಯುವಾಗ ಕಲ್ಲು ಮರಳನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಕಡೆಯುತ್ತಾ ಹೋದಂತೆ ಸಣ್ಣ ಸಣ್ಣ ಕುಳಿಗಳು ಬಾಯ್ತೆರೆಯುತ್ತವೆ. ಅಗ್ಗದ ಪೈಪಿನಲ್ಲಿ ಆ ಕುಳಿಗಳಿಗೆ ಮೇಣವೋ ಲಪ್ಪವೋ ತುಂಬಿ ಬಣ್ಣ ಹಚ್ಚುತ್ತಾರೆ. ಇನ್ನು ಕೆಲವನ್ನು ಮರಳು ಊದಿ ತರಿತರಿ ಮಾಡುತ್ತಾರೆ. ಕುಳಿಯೂ ಇಲ್ಲದೆ ಗೆರೆಯೂ ಚೆನ್ನಾಗಿರುವ ನುಣುಪು ಪೈಪು ಸಿಗುವುದು ಅಪರೂಪ. ಎರಡನೆಯದು ಬಾಯಿಗಿಡುವ ಕೊಳವೆ. ಹಳೆಯವು ಗಟ್ಟಿ ಮಾಡಿದ ರಬ್ಬರಿನವು. ಬಿಸಿಲಿಗಿಟ್ಟರೆ ಹಸಿರು ಮಿಶ್ರಿತ ಕಂದಾಗುತ್ತವೆ. ಹೊಸವು ಹೆಚ್ಚಾಗಿ ಅಕ್ರಿಲಿಕ್ಕಿನವು. ಮೂರನೆಯದು ಜರ್ಮನರದೇ ಗುರುತು ಎನ್ನಬಹುದಾದ 9 ಮಿಲಿಮೀಟರಿನ ಸೋಸುಕ. ಕೊಳವೆಯೊಳಗೆ ಇದ್ದಿಲು ತುಂಬಿದ ಸಣ್ಣ ಕಡ್ಡಿ ಕೂರಿಸಲು ಜಾಗ ಕೊರೆದಿರುತ್ತಾರೆ.

ಒಂದು ಅಂಗೈಯಗಲದ ವಸ್ತುವಿನಲ್ಲಿ ಸಸ್ಯಶಾಸ್ತ್ರ, ಭೂಗೋಳ, ಚರಿತ್ರೆ, ಮರಗೆಲಸ, ವ್ಯಾಪಾರ ಎಲ್ಲ ಸಿಗುತ್ತವೆ. ನೋಡುವ ಕಣ್ಣು ಪಳಗುತ್ತದೆ. ಲಪ್ಪ ಯಾವುದು, ಕಟ್ಟಿಗೆ ಯಾವುದು ಎಂದು ಗೊತ್ತಾಗುತ್ತದೆ. ಹಾಗಾಗಿ ಇದು ಒಳ್ಳೆಯ ಹವ್ಯಾಸ ಎಂಬ ಮಾತನ್ನು ನಾವು ಹಿಂತೆಗೆಯುವುದಿಲ್ಲ.

ಈಗ ಇನ್ನೊಂದು ಮಗ್ಗುಲು. ಪೈಪಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲಿಟ್ಟು ಬಿಡುತ್ತೇವೆ, ಆದ್ದರಿಂದ ಏನೂ ಆಗುವುದಿಲ್ಲ ಎಂಬ ಮಾತು ಸೇದುವ ಸಂಗ್ರಾಹಕರಲ್ಲಿ ಬಹಳ ಬಳಕೆಯಲ್ಲಿದೆ. ಇದು ನಿಜವಲ್ಲ. ಪೈಪಿನ ತಂಬಾಕಿನ ಹೊಗೆ ಕ್ಷಾರ ಗುಣದ್ದು. ಅದರ ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕವೇ ರಕ್ತಕ್ಕೆ ಸೇರುತ್ತದೆ. ತುಟಿ, ನಾಲಿಗೆ, ಗಂಟಲು, ಅನ್ನನಾಳ, ಶ್ವಾಸಕೋಶ ಇವುಗಳ ಕ್ಯಾನ್ಸರ್ ಪೈಪು ಸೇದುವವರಲ್ಲಿ ಸೇದದವರಿಗಿಂತ ಹೆಚ್ಚು. ಇದ್ದಿಲಿನ ಸೋಸುಕ ಇದನ್ನು ತಪ್ಪಿಸುವುದಿಲ್ಲ.

ಇದನ್ನು ಮೊದಲು ಕಂಡವರಲ್ಲಿ ಜರ್ಮನರೇ ಇದ್ದಾರೆ ಎಂಬುದು ಗಮನಿಸಬೇಕಾದ ಸಂಗತಿ. ಪೈಪು ಸೇದುವವರ ಕೆಳದುಟಿಯಲ್ಲಿ ಕ್ಯಾನ್ಸರ್ ಹೆಚ್ಚಾಗಿ ಬರುತ್ತದೆ ಎಂದು ಅಂಗರಚನಾ ಶಾಸ್ತ್ರಜ್ಞ ಸ್ಯೋಮರಿಂಗ್ 1795ರಲ್ಲಿಯೇ ಬರೆದಿದ್ದ. 1939ರಲ್ಲಿ ಕೊಲೋನ್ ನಗರದ ವೈದ್ಯ ಫ್ರಾನ್ಸ್ ಮ್ಯುಲರ್ ಶ್ವಾಸಕೋಶದ ಕ್ಯಾನ್ಸರ್ ಆದವರನ್ನೂ ಆಗದವರನ್ನೂ ಹೋಲಿಸಿ ನೋಡಿ ಧೂಮಪಾನದ ಕಡೆಗೆ ಬೆರಳು ತೋರಿಸಿದ. 1943ರಲ್ಲಿ ಯೇನಾ ನಗರದ ಇಬ್ಬರು ಅದನ್ನು ಮತ್ತೆ ಪರೀಕ್ಷಿಸಿದರು. ಅದು ನಾಜಿಗಳ ಕಾಲ. ಯುದ್ಧ ಮುಗಿದ ಮೇಲೆ ಆ ಕಾಲದ ಸಂಶೋಧನೆಗಳನ್ನು ಬಹುಕಾಲ ಯಾರೂ ಕಣ್ಣೆತ್ತಿ ನೋಡಲಿಲ್ಲ. ಜಗತ್ತು ಗಂಭೀರವಾಗಿ ಕಿವಿಗೊಟ್ಟದ್ದು 1950ರಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ವರದಿಗಳು ಬಂದ ಮೇಲೆ. ಒಂದೇ ದೇಶ ಚೆಂದದ ಪೈಪನ್ನೂ ಕೊಟ್ಟಿತು, ಅದರ ಕೇಡನ್ನೂ ಮೊದಲೇ ಹೇಳಿತು. ಮಕ್ಕಳಿಗೆ ಹೇಳುವುದಾದರೆ ಎರಡನ್ನೂ ಹೇಳಬೇಕು.

ಹೇಳದೆ ಸುಮ್ಮನಿದ್ದರೆ ಆಗುವುದೇನು? ಮಕ್ಕಳು ಪೈಪನ್ನು ನೋಡಿಯೇ ನೋಡುತ್ತಾರೆ. ಉಲ್ಮ್ ಪಟ್ಟಣದಲ್ಲಿ 1879ರಲ್ಲಿ ಹುಟ್ಟಿದ ಐನ್‌ಸ್ಟೈನರ ಚಿತ್ರ ನೋಡದ ಮಗುವಿಲ್ಲ. ಎಷ್ಟೋ ಚಿತ್ರಗಳಲ್ಲಿ ಅವರ ಬಾಯಲ್ಲಿ ಪೈಪಿದೆ. ಅವರ ಒಂದು ಪೈಪು ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಷರ್ಲಾಕ್ ಹೋಮ್ಸನ ಕೈಯಲ್ಲೂ ಪೈಪು, ಸಿನಿಮಾದ ಪ್ರೊಫೆಸರನ ಕೈಯಲ್ಲೂ ಪೈಪು. ಬುದ್ಧಿವಂತಿಕೆಗೂ ಹೊಗೆಗೂ ಏನೋ ಸಂಬಂಧವಿದೆ ಎಂದು ಮಗು ತನ್ನಷ್ಟಕ್ಕೆ ಲೆಕ್ಕ ಹಾಕಿಕೊಳ್ಳುತ್ತದೆ. ಆ ಲೆಕ್ಕವನ್ನು ತಿದ್ದುವವರು ಯಾರು? ನಾವೇ ತಾನೆ?

ಕಾಸರಗೋಡಿನವರಾದ ನಮಗೆ ಇದು ದೂರದ ಮಾತಲ್ಲ. ನಮ್ಮ ಶಾಲೆಗಳಿಗೆ ಬರುವ ಎಷ್ಟೋ ಮಕ್ಕಳ ಫೀಸು, ಪುಸ್ತಕ, ಬಟ್ಟೆ ಎಲ್ಲ ಅಮ್ಮಂದಿರು ಬೀಡಿ ಕಟ್ಟಿದ ದುಡ್ಡಿನಿಂದ ಆದದ್ದು. ಇನ್ನುಳಿದದ್ದು ಅಡಿಕೆಯ ದುಡ್ಡು. ಆ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೇಳಿದೆ. ಕಟ್ಟುವ ಕೈಯನ್ನು ಗೌರವಿಸುತ್ತಲೇ ಕಟ್ಟಿದ ವಸ್ತುವನ್ನು ಬೇಡವೆನ್ನುವುದು ಹೇಗೆ ಎಂಬ ಪ್ರಶ್ನೆ ನಮ್ಮ ಮನೆಯಂಗಳದಲ್ಲೇ ಇದೆ. ನಮ್ಮ ಹಳೆಯ ಮನೆಗಳಲ್ಲಿ ಹಿತ್ತಾಳೆಯ ಅಡಕತ್ತರಿ, ಸುಣ್ಣದ ಅಂಡೆ, ಎಲೆತಟ್ಟೆಗಳನ್ನು ಉಜ್ಜಿ ಜೋಪಾನವಾಗಿ ಇಟ್ಟವರಿದ್ದಾರೆ. ಅದನ್ನು ನೋಡಿ ಮೆಚ್ಚಿದವರೆಲ್ಲ ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ತಿನ್ನಬೇಕೆಂದೇನೂ ಇಲ್ಲ. ಜರ್ಮನ್ ಪೈಪಿಗೂ ನ್ಯಾಯ ಅದೇ.

ಸೇದದ ಪೈಪು ನುಡಿಸದ ವೀಣೆಯ ಹಾಗೆ, ಅದು ಸಂಗ್ರಹವಲ್ಲ ಬರೇ ಗೂಡು ತುಂಬಿಸುವುದು ಎಂದು ವಾದಿಸುವವರಿದ್ದಾರೆ. ವೀಣೆ ನುಡಿಸಿದರೆ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ ಎಂಬುದು ಮೊದಲ ಉತ್ತರ. ಹೋಲಿಸುವುದಾದರೆ ಹಳೆಯ ಕತ್ತಿಗೆ ಹೋಲಿಸಿ. ಅದರ ಹಿಡಿಯ ಕೆತ್ತನೆಯನ್ನು ಆನಂದಿಸಲು ಯಾರನ್ನೂ ಕಡಿಯಬೇಕಾಗಿಲ್ಲ.

ಇದಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿದೆ. ಸೇದುವವರಿಲ್ಲದಿದ್ದರೆ ಪೈಪು ಮಾಡುವವನ ಗತಿ ಏನು? ಈ ಚೆಂದದ ಕೈಗೆಲಸವೂ ಹೋಗುವುದಿಲ್ಲವೇ? ಹೋಗಬಹುದು. ಅದನ್ನು ಮುಚ್ಚಿಡಬೇಕಾಗಿಲ್ಲ. ಬರೇ ನೋಡುವ ಸಂಗ್ರಾಹಕರಿಂದ ಒಂದು ಕಾರ್ಖಾನೆ ನಡೆಯಲಾರದು. ಆದರೆ ಕೈಗೆ ಕಲಿತದ್ದು ಕೈಯಲ್ಲೇ ಉಳಿಯುತ್ತದೆ. ಪೈಪಿಗೆ ಹೆಸರಾಗಿದ್ದ ಆ ರೂಲಾ ಊರು ಮುಂದೆ ಗಡಿಯಾರಕ್ಕೆ ಹೆಸರಾಯಿತು. ನಮ್ಮ ಪಕ್ಕದ ಕಣ್ಣೂರಿನಲ್ಲಿ 1969ರಲ್ಲಿ ಬೀಡಿ ಕಾರ್ಮಿಕರೇ ಕಟ್ಟಿದ ದಿನೇಶ್ ಸಹಕಾರ ಸಂಘ ಬೀಡಿಯ ಬೇಡಿಕೆ ಇಳಿದಾಗ ಕೊಡೆ, ತಿಂಡಿ ಪದಾರ್ಥಗಳ ಕಡೆಗೂ ತಿರುಗಿತು. ಕಸುಬನ್ನು ಉಳಿಸಲಿಕ್ಕೆಂದು ಇನ್ನೊಬ್ಬ ತನ್ನ ಬಾಯಿ ಗಂಟಲು ಕೆಡಿಸಿಕೊಳ್ಳಬೇಕು ಎನ್ನುವ ನ್ಯಾಯ ಎಲ್ಲಿಯದು? ಕಸುಬು ದಾರಿ ಬದಲಿಸಲಿ. ಬದಲಿಸುವಾಗ ಸರಕಾರ, ಸಹಕಾರ ಸಂಘಗಳು ಅದರ ಕೈ ಹಿಡಿಯಲಿ.

ಹಾಗಾದರೆ ಶಾಲೆಯಲ್ಲಿ ಏನು ಮಾಡುವುದು? ಪೈಪನ್ನೇ ತಂದು ತರಗತಿಯಲ್ಲಿ ತಿರುಗಿಸಬೇಕು ಎಂದು ನಾವು ಹೇಳುವುದಿಲ್ಲ. ಸೇದಿದ ಹಳೆಯ ಪೈಪಿನೊಳಗೆ ತಂಬಾಕಿನ ಕಿಲುಬು ಅಂಟಿಕೊಂಡಿರುತ್ತದೆ; ಮಕ್ಕಳು ಬಾಯಿಗಿಡುವುದು ಖಂಡಿತ. 2003ರ ಕಾನೂನಿನ ಪ್ರಕಾರ ಶಾಲೆಯಿಂದ 100 ಗಜದೊಳಗೆ ತಂಬಾಕಿನ ವಸ್ತು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂದು 1999ರಲ್ಲೇ ತೀರ್ಪು ಕೊಟ್ಟದ್ದು ನಮ್ಮ ಕೇರಳದ ಹೈಕೋರ್ಟು. ಅಂಥ ನಾಡಿನ ಶಾಲೆಯೊಳಗೆ ಪೈಪಿಗೆ ಪೀಠ ಹಾಕುವುದು ಬೇಡ. ಗೆರೆಗಳು ಕಾಣುವ ಒಂದು ಚಿತ್ರ, ಮೆಡಿಟರೇನಿಯನ್ನಿನ ಒಂದು ನಕ್ಷೆ, 1795 ಮತ್ತು 1848 ಎಂಬ ಎರಡು ಇಸವಿ ಇದ್ದರೆ ಒಂದು ಪೀರಿಯಡ್ಡಿಗೆ ಬೇಕಾದಷ್ಟಾಯಿತು. ಸಂಗ್ರಹ ದೊಡ್ಡವರ ಕಪಾಟಿನಲ್ಲಿ, ಹೊಗೆಯಿಲ್ಲದೆ ಇರಲಿ.

ಇನ್ನು ಪೋಷಕರಲ್ಲಿ ಒಂದು ಮಾತು. ಮಗು ಐನ್‌ಸ್ಟೈನರ ಚಿತ್ರ ತೋರಿಸಿ ಬಾಯಲ್ಲಿರುವುದೇನು ಎಂದು ಕೇಳಿದರೆ ಗದರಿಸಬೇಡಿ. ಅದು ಬೆಂಕಿಗೆ ಜಗ್ಗದ ಒಂದು ಗಿಡದ ಗಂಟು, ಅದನ್ನು ಕಡೆಯಲು ಬಹಳ ಜಾಣತನ ಬೇಕು, ಅದರಲ್ಲಿ ಸೇದಲು ಯಾವ ಜಾಣತನವೂ ಬೇಡ ಎಂದು ಹೇಳಿ. ಅಷ್ಟು ಸಾಕು.