ಸೀಟು ಕಿರ್ ಅಂತು ಅಂತ ಸೈಕಲ್ ಬಿಡ್ತೀರಾ?

(1/4)
ಫೋಟೋದಲ್ಲಿರೋದು ನಮ್ಮ ಅಕ್ಕನ ಸೈಕಲ್. ಎಂಟನೇ ಕ್ಲಾಸಲ್ಲಿ ಸರ್ಕಾರ ಕೊಟ್ಟಿದ್ದು. 2006-07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ ನಿಮ್ಮನೇಲೂ ಒಂದಿರಬಹುದು, ಈಗ ಹಿತ್ತಲಲ್ಲಿ ಬಟ್ಟೆ ಒಣಗಿಸೋಕೆ ಬಳಕೆ ಆಗ್ತಿರಬಹುದು. ನಮ್ಮದು ಇನ್ನೂ ಓಡ್ತಿದೆ. ಹೋದ ತಿಂಗಳು ಸೀಟು ಕಿರ್... ಕಿರ್... ಅನ್ನೋಕೆ ಹಿಡೀತು, ಒಂದೊಂದು ಪೆಡಲ್‌ಗೂ ಒಂದೊಂದ್ಸಲ. ಕಾಲೇಜ್ ಗೇಟಲ್ಲಿ ನಿಮ್ಮಲ್ಲಿ ಮೂರು ಜನ ಅದೇ ತಾಳಕ್ಕೆ ಬಾಯಲ್ಲಿ ಕಿರ್ ಅಂದ್ರಿ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಆದ್ರೆ ನಮ್ಮ ಕ್ಲಾಸಿನ ಇನ್ನೊಬ್ಬಳು ಇದೇ ನಗುವಿಗೆ ಹೆದರಿ ಸೈಕಲ್ ಮನೇಲಿ ಬಿಟ್ಟಿದ್ದಾಳೆ. ಬಸ್ಸಿಗೆ ಕಾಯ್ತಾಳೆ. ವಾರಕ್ಕೆ ಎರಡು ಸಲ ಫಸ್ಟ್ ಪೀರಿಯಡ್ ತಪ್ಪುತ್ತೆ, ಅಟೆಂಡೆನ್ಸ್ ಕಡಿಮೆ ಆಗ್ತಿದೆ. ಹೆಸರು ಕೇಳಬೇಡಿ. ಹತ್ತು ನಿಮಿಷದ ರಿಪೇರಿಗೆ ಒಬ್ಬಳ ಓದು ಕೈ ತಪ್ತಿದೆ ಅಂದ್ರೆ ಜಗಳ ಆಡಲೇಬೇಕು. ಓದಿ.

(2/4)
ಅವಳಿಗೆ ಒಂದು ಅಂಗಡಿಯಲ್ಲಿ ಹೇಳಿದ್ದು: "ಸೀಟೇ ಹೋಗಿದೆ, ಹೊಸದು ಹಾಕಿಸಮ್ಮ." ಅವರು ಸೀಟನ್ನ ಮುಟ್ಟಿಯೂ ನೋಡಿರಲಿಲ್ಲ!

ಎಷ್ಟೋ ಸಲ ಸದ್ದು ಮಾಡೋದು ನಾವು ಕೂರೋ ಮೆತ್ತೆ ಅಲ್ಲ. ಸೀಟಿನ ಕೆಳಗೆ ಎರಡು ಕಂಬಿ ಇರುತ್ತೆ, ಅದನ್ನ ಒಂದು ಕ್ಲಾಂಪ್ ಕಚ್ಚಿ ಹಿಡಿದಿರುತ್ತೆ. ಅದರ ಬೋಲ್ಟ್ ಸಡಿಲ ಆದ್ರೆ, ಇಲ್ಲಾ ಮಧ್ಯೆ ಮಣ್ಣು ಕೂತ್ರೆ, ಲೋಹಕ್ಕೆ ಲೋಹ ಉಜ್ಜಿ ಕಿರ್ ಅನ್ನುತ್ತೆ. ಇನ್ನೊಂದು ಜಾಗ ಸೀಟಿನ ಪೈಪು ಫ್ರೇಮಿನೊಳಗೆ ಇಳಿಯೋ ಕಡೆ. ಮಳೆ ನೀರು ಇಳಿದು, ಒಣಗಿ, ತುಕ್ಕು ಹಿಡಿದು ಅಲ್ಲೂ ಕೂಗುತ್ತೆ. ಸ್ಪ್ರಿಂಗ್ ಸೀಟಾದ್ರೆ ಸ್ಪ್ರಿಂಗಿನ ತುದಿಗಳೂ ಸೇರ್ಕೊಳ್ಳುತ್ತೆ. ಇವುಗಳಲ್ಲಿ ಯಾವುದನ್ನೂ ನೋಡದೆ ಅದೇ ಸಡಿಲ ಕ್ಲಾಂಪಿಗೆ ಹೊಸ ಸೀಟು ಹಾಕಿದ್ರೆ ಏನಾಗುತ್ತೆ? ದುಡ್ಡು ಹೋಗುತ್ತೆ, ಸದ್ದು ಉಳಿಯುತ್ತೆ.

ಸದ್ದು ಸೀಟಿಂದಲೇ ಬರ್ತಿದೆಯಾ ಅಂತ ನೀವೇ ನೋಡಿ. ಖಾಲಿ ರಸ್ತೇಲಿ ಸೀಟಿಂದ ಎದ್ದು ನಿಂತು ನಾಲ್ಕು ಸುತ್ತು ತುಳೀರಿ. ಸದ್ದು ನಿಂತ್ರೆ ಸೀಟಿನ ಕಡೇದು. ನಿಲ್ಲದೇ ಇದ್ರೆ ಪೆಡಲ್ಲೋ ಕ್ರ್ಯಾಂಕೋ. ಪೈಪಲ್ಲಿ ಸದ್ದು ಹರಿದು ಬರೋದ್ರಿಂದ ಕೆಳಗಿನ ಕಿರುಚಾಟ ಸೀಟಿನದೇ ಅನ್ನಿಸಿಬಿಡುತ್ತೆ, ಕಿವಿ ನಂಬಬೇಡಿ. ಆಮೇಲೆ ಕೂತು, ತುಳಿಯೋದು ನಿಲ್ಲಿಸಿ, ಸೈಕಲ್ ತಾನಾಗೇ ಹೋಗುವಾಗ ಸೊಂಟ ಅಲ್ಲಾಡಿಸಿ. ಆಗಲೂ ಕಿರ್ ಅಂದ್ರೆ ಕಳ್ಳ ಸಿಕ್ಕಿಬಿದ್ದ.

(3/4)
ಎಣ್ಣೆ ಸುರಿಯೋರೇ, ನೀವೂ ಬನ್ನಿ ಇಲ್ಲಿ.

ಕೊಬ್ಬರಿ ಎಣ್ಣೆ ತಲೆಗೆ ಚೆಂದ. ಸುಮಾರು 24 ಡಿಗ್ರಿಗಿಂತ ತಣ್ಣಗಾದ್ರೆ ಗಟ್ಟಿಯಾಗೋ ಎಣ್ಣೆ ಅದು. ಡಿಸೆಂಬರ್ ಬೆಳಿಗ್ಗೆ ಸ್ನಾನಕ್ಕೆ ಮೊದಲು ಬಾಟಲಿ ಬಿಸಿಲಿಗೆ ಇಡಲ್ವಾ? ಸೈಕಲ್ ಮೇಲೆ ಅದು ಧೂಳನ್ನ ಕರೆದು ಕೂರಿಸ್ಕೊಳ್ಳುತ್ತೆ. ಎರಡು ದಿನ ಸುಮ್ಮನಿದ್ದು ಮೂರನೇ ದಿನ ಮತ್ತೆ ಕಿರ್, ಜೊತೆಗೆ ಪ್ಯಾಂಟಿಗೆ ಕಲೆ. ಡಬ್ಬಿ ಸ್ಪ್ರೇ ಹೊಡೆಯೋರದ್ದು ಇನ್ನೂ ಅಪಾಯ. ಹನಿ ಹಾರಿ ಚಕ್ರದ ರಿಮ್ಮಿಗೆ ಬಿದ್ರೆ ಬ್ರೇಕ್ ಜಾರುತ್ತೆ. ಸದ್ದು ನಿಲ್ಲಿಸೋಕೆ ಹೋಗಿ ಸೈಕಲ್ಲೇ ನಿಲ್ಲದ ಹಾಗೆ ಮಾಡ್ಕೋತೀರಾ?

ಇಯರ್‌ಫೋನ್ ಹಾಕ್ಕೊಂಡು "ನಂಗೆ ಕೇಳ್ಸಲ್ಲ ಬಿಡು" ಅನ್ನೋರಿಗೆ: ಹಿಂದೆ ಬರೋ ಲಾರಿಯೂ ಕೇಳ್ಸಲ್ಲ.

(4/4)
ನಾನು ಮಾಡಿದ್ದು ಇಷ್ಟೇ. ಎತ್ತರ ಮರೀಬಾರದು ಅಂತ ಸೀಟಿನ ಪೈಪಿಗೆ ಟೇಪ್ ಸುತ್ತಿದೆ. ಬೋಲ್ಟ್ ಸಡಿಲಿಸಿ ಪೈಪು ಎಳೆದೆ. ಒಳಗಿಂದ ಬಂದ ಕೆಸರು ನೋಡಿ ಅಕ್ಕ "ಇದ್ರಲ್ಲಿ ಭತ್ತ ನಾಟಿ ಮಾಡ್ಬಹುದು ಕಣೋ" ಅಂದ್ಲು. ಹಳೇ ಬನಿಯನ್‌ನಲ್ಲಿ ಒರೆಸಿ, ತೆಳ್ಳಗೆ ಗ್ರೀಸ್ ಸವರಿ, ವಾಪಸ್ ಇಳಿಸಿದೆ. (ಕಾರ್ಬನ್ ಪೈಪಿನ ಶ್ರೀಮಂತರು ಗ್ರೀಸ್ ಹಚ್ಚಬೇಡಿ, ಅದಕ್ಕೆ ಬೇರೆ ಪೇಸ್ಟ್ ಇದೆ.) ಕ್ಲಾಂಪ್ ಬಿಚ್ಚಿ ಹಲ್ಲುಗಳನ್ನ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಬೋಲ್ಟಿನ ಮರೆಗೆ ಚೂರು ಗ್ರೀಸ್. ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಸ್ಪ್ರಿಂಗ್ ತುದಿಗೆ ಮೆಷಿನ್ ಎಣ್ಣೆ ಒಂದೊಂದು ಹನಿ, ಮಿಕ್ಕಿದ್ದು ಒರೆಸಿದೆ. ಆಯ್ತು.

ಉದ್ದ ಕಾಲಿನವರೇ, ನಿಮಗೊಂದು ಮಾತು. ಸೀಟಿನ ಪೈಪಿನ ಮೇಲೆ ಒಂದು ಅಡ್ಡ ಗೆರೆ ಇರುತ್ತೆ. ಅದು ಹೊರಗೆ ಕಾಣೋವರೆಗೂ ಸೀಟು ಎತ್ತಬೇಡಿ. ಒಳಗೆ ಹಿಡಿತ ಸಾಲದೆ ಪೈಪು ಬಾಗುತ್ತೆ, ಫ್ರೇಮ್ ಬಿರುಕು ಬಿಡುತ್ತೆ. ನೀವು ನಕ್ಕ ಆ ಕಿರ್ ಒಮ್ಮೊಮ್ಮೆ ಇದನ್ನೇ ಹೇಳ್ತಿರುತ್ತೆ.

ಅವಳ ಸೈಕಲ್ ಇನ್ನೂ ಮನೇಲೇ ಇದೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕಾಲೇಜ್ ಗ್ರೌಂಡಿಗೆ ತರ್ತೀನಿ ಅಂದಿದ್ದಾಳೆ. ಸ್ಪ್ಯಾನರ್, ಗ್ರೀಸ್ ನಂದು. ಗೇಟಲ್ಲಿ ಕಿರ್ ಅಂದ ಮೂರು ಜನ ಹಳೇ ಬಟ್ಟೆ ತಗೊಂಡು ಬನ್ನಿ, ಒರೆಸೋ ಕೆಲಸ ನಿಮ್ದು. ನಾಲ್ಕನೆಯವನು ನಾನು, ಇರ್ತೀನಿ.